ಮೇಳ ಹೋಗಿರಲಿ, ಮರ ಇರಲಿ

ಚೆನ್ನೈಯಲ್ಲಿ ಮಾರಾಟಕ್ಕಿಟ್ಟ ಹಳೆಯ ವೀಣೆಯ ಮುಂದೆ ಕೂತವರ ಕಣ್ಣು ಮೊದಲು ಹೋಗುವುದು ಮೇಳದ ಮೇಲೆ. ದಂಡಿಯ ಎರಡು ಅಂಚಿನಲ್ಲೂ ಓಡುವ ಕಪ್ಪು ಮೇಣದ ಕಟ್ಟೆ ಬಿರುಕು ಬಿಟ್ಟಿದ್ದರೆ, ನಾಲ್ಕಾರು ಮೆಟ್ಟಿಲು ವಾಲಿದ್ದರೆ, ಸಾರಣಿ ತಂತಿಗೆ ತುಕ್ಕು ಹತ್ತಿದ್ದರೆ, 'ಇದು ಹಾಳಾದ ವಾದ್ಯ' ಎಂದು ಎದ್ದುಬಿಡುತ್ತಾರೆ. ಅದೇ ದುಡ್ಡಿಗೆ ಸಿಗುವ, ಹೊಸದಾಗಿ ಪಾಲಿಶ್ ಮಾಡಿದ, ಯಾಳಿ ಮುಖಕ್ಕೆ ಬಂಗಾರದ ಬಣ್ಣ ಬಳಿದ ಅಗ್ಗದ ಹೊಸ ವೀಣೆಯನ್ನು ಮನೆಗೆ ತರುತ್ತಾರೆ. ಈ ಆಯ್ಕೆ ತಲೆಕೆಳಗಾದದ್ದು. ವೀಣೆಯಲ್ಲಿ ಕಣ್ಣಿಗೆ ಕೆಟ್ಟದಾಗಿ ಕಾಣುವ ಬಹುತೇಕ ಎಲ್ಲವೂ ಮತ್ತೆ ಮಾಡಿಸಿಕೊಳ್ಳಬಹುದಾದದ್ದು. ಮತ್ತೆ ಮಾಡಿಸಲಾಗದ್ದು ಮರ ಮತ್ತು ಆ ಮರದ ನೇರ. ಕೈಯಲ್ಲಿ ಹಣ ಕಡಿಮೆಯಿದ್ದಷ್ಟೂ ಮೇಳ ಹೋದ, ಮರ ಗಟ್ಟಿಯಿರುವ ಹಳೆಯ ವೀಣೆಯನ್ನೇ ಹುಡುಕಬೇಕು.

ಮೊದಲು ವಾದ್ಯದ ಲೆಕ್ಕ ನೋಡೋಣ. ಇಂದು ನಾವು ಬಳಸುವ ಸರಸ್ವತಿ ವೀಣೆಗೆ 24 ಮೆಟ್ಟಿಲು, ಏಳು ತಂತಿ. ನಾಲ್ಕು ತಂತಿ ನುಡಿಸಲು, ಮೂರು ತಾಳಕ್ಕೆ. 24 ಮೆಟ್ಟಿಲನ್ನು ಸ್ಥಿರವಾಗಿ ಕೂರಿಸುವ ಈ ಕ್ರಮ 17ನೇ ಶತಮಾನದ ತಂಜಾವೂರಿನಲ್ಲಿ, ರಘುನಾಥ ನಾಯಕನ ಕಾಲದಲ್ಲಿ ನೆಲೆಗೊಂಡಿತೆಂದು ಪ್ರತೀತಿ. 'ಸ್ಥಿರ' ಎಂದರೂ ಅವನ್ನು ಮರಕ್ಕೆ ಮೊಳೆ ಹೊಡೆದು ಕೂರಿಸುವುದಿಲ್ಲ. ಜೇನುಮೇಣಕ್ಕೆ ಇದ್ದಿಲ ಪುಡಿಯಂಥ ಕಪ್ಪು ಸೇರಿಸಿ, ಕಾಯಿಸಿ, ನಾದಿ, ದಂಡಿಯ ಅಂಚಿಗೆ ಕಟ್ಟೆಯಂತೆ ಹಾಕಿ, ಅದರ ಮೇಲೆ ಒಂದೊಂದೇ ಕಂಚಿನ ಅಥವಾ ಹಿತ್ತಾಳೆಯ ಮೆಟ್ಟಿಲನ್ನು ಶ್ರುತಿ ನೋಡುತ್ತ ಒತ್ತಿ ಕೂರಿಸುತ್ತಾರೆ. ಇದೇ ಮೇಳ ಕಟ್ಟುವುದು. ಗಿಟಾರಿನಂತೆ ಕಾರ್ಖಾನೆಯಲ್ಲಿ ಒಮ್ಮೆ ಅಳೆದು ಮುಗಿಯುವ ಕೆಲಸ ಇದಲ್ಲ. ಆ ವೀಣೆಗೆ, ಆ ತಂತಿಗೆ, ಆ ಶ್ರುತಿಗೆ ತಕ್ಕಂತೆ ಕಿವಿಯಿಂದ ಮಾಡುವ ಕೆಲಸ. ಮೇಣ ಎಂದಮೇಲೆ ಅದು ಒಣಗುತ್ತದೆ, ಮೆದುವಾಗುತ್ತದೆ, ಬೆರಳ ಒತ್ತಡಕ್ಕೆ ಕುಸಿಯುತ್ತದೆ. ನಿತ್ಯ ನುಡಿಸುವವರು ಒಂದೆರಡು ವರ್ಷಕ್ಕೊಮ್ಮೆ ಮೇಳ ಕಟ್ಟಿಸಲೇಬೇಕು. ಲಕ್ಷ ಕೊಟ್ಟು ತಂದ ಹೊಸ ವೀಣೆಗೂ ಇದರಿಂದ ವಿನಾಯಿತಿ ಇಲ್ಲ. ಹಾಗಾದರೆ ಎಲ್ಲರೂ ಖರ್ಚು ಮಾಡಲೇಬೇಕಾದ ಒಂದು ಭಾಗ ಇವತ್ತು ಕೆಟ್ಟಿದೆ ಎಂಬ ಕಾರಣಕ್ಕೆ ಇಡೀ ವಾದ್ಯವನ್ನು ತಿರಸ್ಕರಿಸುವುದು ಯಾವ ಜಾಣತನ? ಹಳೆ ಮನೆ ಕೊಳ್ಳುವವನು ಸುಣ್ಣ ಉದುರಿದ್ದಕ್ಕೆ ಬೆಲೆ ಇಳಿಸಿ ಕೇಳುತ್ತಾನೆ, ಗೋಡೆ ಬಿರುಕು ಬಿಟ್ಟಿದ್ದರೆ ಮಾತ್ರ ಎದ್ದು ಹೋಗುತ್ತಾನೆ. ವೀಣೆಯ ವಿಷಯದಲ್ಲಿ ನಮ್ಮವರು ಸುಣ್ಣಕ್ಕೇ ಎದ್ದು ಹೋಗುತ್ತಿದ್ದಾರೆ.

ಮೇಳದಂತೆಯೇ ತಂತಿ, ಬಿರಡೆ, ಕುದುರೆಯ ಮೇಲಿನ ಲೋಹದ ತಗಡು, ಲಂಗರು, ಎಡಗಡೆಯ ಸೋರೆ ಬುರುಡೆ ಎಲ್ಲವೂ ಬದಲಾಯಿಸಬಹುದಾದವು. ಸೋರೆ ಬುರುಡೆಯಂತೂ ಈಗ ಬಹುಪಾಲು ಸೋರೆಯೇ ಅಲ್ಲ, ಕಾಗದದ ಮುದ್ದೆ ಅಥವಾ ಫೈಬರ್. ಒಡೆದರೆ ಹೊಸದು ತಿರುಗಿಸಿ ಹಾಕಿದರಾಯಿತು. ಉಳಿದದ್ದು ಕೊಡ, ಅದರ ಮೇಲಿನ ಹಲಗೆ, ದಂಡಿ. ಹಲಸಿನ ಮರದ ಕೆಲಸ. ತಂಜಾವೂರಿನ ಕುಶಲಕರ್ಮಿಗಳು ಇದಕ್ಕೆ ಪಣ್‌ರುಟ್ಟಿ ಕಡೆಯ ಹಲಸನ್ನು ಬಯಸುತ್ತಾರೆ. ಕಡಲೂರು ಜಿಲ್ಲೆಯ ಆ ಊರು ಹಲಸಿನ ಹಣ್ಣಿಗೂ ಹೆಸರಾದದ್ದು. 2013ರಲ್ಲಿ ತಂಜಾವೂರು ವೀಣೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮಾನ್ಯತೆ ಊರಿನ ಹೆಸರನ್ನು ಕಾಪಾಡುತ್ತದೆ, ನಿಮ್ಮ ಮುಂದಿರುವ ವೀಣೆಯ ಮರ ಎಷ್ಟು ಒಣಗಿದೆ ಎಂದು ಹೇಳುವುದಿಲ್ಲ. ಸಂಗತಿ ಇರುವುದು ಅಲ್ಲಿ. ಒಳ್ಳೆಯ ಮರ ಕೊಯ್ದ ಮೇಲೂ, ಕೊರೆದ ಮೇಲೂ ಒಣಗಲು ಕಾಲ ಬೇಡುತ್ತದೆ. ಕಾಲವೆಂದರೆ ಬಂಡವಾಳ. ಅಗ್ಗದ ವೀಣೆಯಲ್ಲಿ ಉಳಿತಾಯ ಮಾಡಲು ಸುಲಭವಾದ ಜಾಗ ಅದೇ. ಅರೆಬರೆ ಒಣಗಿದ ಮರದ ದಂಡಿ ನಿಮ್ಮ ಮನೆಗೆ ಬಂದಮೇಲೆ ಒಣಗುವುದನ್ನು ಮುಂದುವರಿಸುತ್ತದೆ, ಏಳು ತಂತಿಯ ಎಳೆತದ ಕೆಳಗೆ ಬಾಗುತ್ತ.

ಇಲ್ಲಿ ಒಂದು ಜನಪ್ರಿಯ ನಂಬಿಕೆಯನ್ನು ಪಕ್ಕಕ್ಕಿಡಬೇಕು. ಹಳೆ ಮರಕ್ಕೆ ತಾನಾಗಿ ನಾದ ಹೆಚ್ಚು, ನುಡಿಸಿದಷ್ಟೂ ವಾದ್ಯ ಪಕ್ವವಾಗುತ್ತದೆ ಎಂಬ ಮಾತು ಮಾರುವವರಿಗೆ ಬಹಳ ಅನುಕೂಲ. ಅದನ್ನು ಒಪ್ಪಲು ಸಾಕ್ಷ್ಯ ಸಾಲದು. ಪಿಟೀಲಿನ ಮೇಲೆ ನಡೆದ ಒಂದು ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಕ್ಲೌಡಿಯಾ ಫ್ರಿಟ್ಜ್ ಮತ್ತು ಸಂಗಡಿಗರು 21 ವಾದಕರಿಗೆ ಯಾವುದು ಯಾವುದೆಂದು ಕಾಣದ ಹಾಗೆ ಕಪ್ಪು ಕನ್ನಡಕ ಹಾಕಿಸಿ ಆರು ಪಿಟೀಲು ಕೊಟ್ಟರು. ಮೂರು ಹೊಸವು, ಉಳಿದ ಮೂರರಲ್ಲಿ ಎರಡು ಸ್ಟ್ರಾಡಿವರಿ, ಒಂದು ಗ್ವಾರ್ನೇರಿ. ಅತಿ ಹೆಚ್ಚು ಮೆಚ್ಚುಗೆ ಬಂದದ್ದು ಹೊಸದೊಂದಕ್ಕೆ, ಅತಿ ಕಡಿಮೆ ಬಂದದ್ದು ಒಂದು ಸ್ಟ್ರಾಡಿವರಿಗೆ. ಪಿಟೀಲು ವೀಣೆಯಲ್ಲ, ನಿಜ. ಆದರೆ ಕಣ್ಣಿಗೆ ಕಂಡ ಪುರಾತನತೆ ಕಿವಿಯ ತೀರ್ಪನ್ನು ಎಷ್ಟು ಸುಲಭವಾಗಿ ಒಲಿಸಿಕೊಳ್ಳುತ್ತದೆ ಎಂಬುದಕ್ಕೆ ಇಷ್ಟು ಸಾಕು. ಹಾಗಾಗಿ ಹಳೆ ವೀಣೆಯ ಪರವಾದ ನನ್ನ ವಾದ ನಾದದ ಹೆಸರಿನಲ್ಲಿಲ್ಲ. ಅದು ಸಾಕ್ಷ್ಯದ ಹೆಸರಿನಲ್ಲಿದೆ. ಇಪ್ಪತ್ತು ವರ್ಷ ಚೆನ್ನೈಯ ಮಳೆ, ಕಡಲ ಗಾಳಿ, ಅಗ್ನಿ ನಕ್ಷತ್ರದ ಸೆಕೆ ತಿಂದು, ತಂತಿಯ ಎಳೆತ ಹೊತ್ತು ನೇರವಾಗಿ ಉಳಿದಿರುವ ದಂಡಿ ಇನ್ನು ಮುಂದೆ ಬಾಗುವ ಸಂಭವ ಕಡಿಮೆ. ಬಾಗುವ ದಂಡಿಯಾಗಿದ್ದರೆ ಇಷ್ಟರಲ್ಲಿ ಬಾಗಿರುತ್ತಿತ್ತು, ಅದು ನಿಮ್ಮ ಕಣ್ಣಿಗೆ ಕಾಣುತ್ತಿತ್ತು. ಹೊಸ ವೀಣೆಯಲ್ಲಿ ಆ ಪರೀಕ್ಷೆ ಇನ್ನೂ ನಡೆದೇ ಇಲ್ಲ. ಅದರ ಖರ್ಚು ನಿಮ್ಮ ತಲೆಗೆ.

ಆ ಬಾಗು ಕಾಣುವುದು ಹೇಗೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮೋಸ ಹೋಗುವುದು ಇಲ್ಲೇ. ಕೊಡದ ಕಡೆ ಕುಳಿತು, ಕುದುರೆಯ ಎತ್ತರಕ್ಕೆ ಕಣ್ಣಿಟ್ಟು, ಯಾಳಿಯ ಕಡೆಗೆ ದಂಡಿಯ ಅಂಚನ್ನು ನೋಡಿ. ಬಿಗಿದ ತಂತಿಯೇ ನಿಮ್ಮ ಕೈಯಲ್ಲಿರುವ ಅಳತೆಗೋಲು. ಅದು ಎಂದೂ ಸೊಟ್ಟಗಿರುವುದಿಲ್ಲ. ತಂತಿಗೂ ಮರಕ್ಕೂ ನಡುವಿನ ಅಂತರ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಕ್ರಮದಲ್ಲಿ ಬದಲಾಗಬೇಕು. ನಡುವೆ ಹೊಟ್ಟೆಯಂತೆ ಹೆಚ್ಚಾಗಿ ತುದಿಗಳಲ್ಲಿ ಕಡಿಮೆಯಾಗಿದ್ದರೆ ದಂಡಿ ಬಾಗಿದೆ. ತೊಂದರೆ ಏನೆಂದರೆ, ಕೈಚಳಕದ ಕೆಲಸಗಾರ ಮೇಣದಲ್ಲಿ ಇದನ್ನು ಮುಚ್ಚಬಲ್ಲ. ಬಾಗಿದ ಕಡೆ ಮೇಣವನ್ನು ದಪ್ಪವಾಗಿ, ಉಬ್ಬಿದ ಕಡೆ ತೆಳುವಾಗಿ ಹಾಕಿದರೆ ಮೆಟ್ಟಿಲುಗಳ ತಲೆ ಒಂದೇ ಸಾಲಿಗೆ ಬಂದು ನಿಲ್ಲುತ್ತದೆ. ನುಡಿಸಿದಾಗ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಮೆಟ್ಟಿಲಿನ ತಲೆ ನೋಡಿ ಸಮಾಧಾನಪಡಬೇಡಿ, ಮೇಣದ ಕಟ್ಟೆಯ ಎತ್ತರವನ್ನು ಬದಿಯಿಂದ ನೋಡಿ. ಮೊದಲಿಂದ ಕೊನೆಯವರೆಗೆ ಅದು ಹೆಚ್ಚುಕಡಿಮೆ ಸಮನಾಗಿದ್ದರೆ ಅಥವಾ ಕ್ರಮವಾಗಿ ಇಳಿದಿದ್ದರೆ ಸರಿ. ನಡುವೆ ಎದ್ದು ನಿಂತಿದ್ದರೆ ಕಟ್ಟೆ ಏನನ್ನೋ ತುಂಬುತ್ತಿದೆ ಎಂದೇ ಅರ್ಥ. ಮೇಳ ಹೋದ ವೀಣೆಯೇ ಕೊಳ್ಳಲು ಒಳ್ಳೆಯದು ಎನ್ನುವುದಕ್ಕೆ ಇದು ಎರಡನೆಯ ಕಾರಣ: ಉದುರಿದ ಮೇಣದ ನಡುವೆ ಮರ ಬೆತ್ತಲಾಗಿ ಕಾಣುತ್ತದೆ. ಮಾರಾಟಕ್ಕೆಂದೇ ಹೊಸ ಮೇಳ ಕಟ್ಟಿಸಿ ಇಟ್ಟಿರುವ ಹಳೆ ವೀಣೆಯನ್ನು ನಾನಾದರೆ ಹೆಚ್ಚು ಅನುಮಾನದಿಂದಲೇ ನೋಡುತ್ತೇನೆ.

ಉಳಿದ ಪರೀಕ್ಷೆಗಳು ಇಷ್ಟು ಕಷ್ಟದವಲ್ಲ. ಕೊಡದ ಮೇಲಿನ ಹಲಗೆಯ ಸುತ್ತ ಬೆರಳಾಡಿಸಿ. ಕೂಡಿಸಿದ ಜಾಗ ಬಿಟ್ಟಿದ್ದರೆ ಉಗುರಿಗೆ ಸಿಗುತ್ತದೆ. ಹಲಗೆಯನ್ನು ಅಲ್ಲಲ್ಲಿ ಮೆಲ್ಲಗೆ ತಟ್ಟಿದರೆ ಬಿರುಕಿನ ಜಾಗ ಒಡಕಲು ದನಿ ಕೊಡುತ್ತದೆ. ಎಳೆಯ ಉದ್ದಕ್ಕೆ ಬಂದ ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ, ಕುದುರೆಯ ಕೆಳಗೆ ಹಾಯ್ದ ಬಿರುಕಿಗೆ ಹೆದರಿ. ಹಲಸಿನ ತಿರುಳಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ಹೊರಗಿನ ಬಿಳಿ ಮರಕ್ಕೆ ಹುಳು ಹತ್ತುತ್ತದೆ. ಮರ ಉಳಿಸಲು ಬಿಳಿ ಭಾಗವನ್ನೂ ಸೇರಿಸಿಕೊಂಡು ಮಾಡಿದ ವೀಣೆಗೆ ಗಾಢ ಬಣ್ಣ ಬಳಿದಿರುತ್ತಾರೆ. ವೀಣೆಯನ್ನು ಬೋರಲು ಹಾಕಿ, ಕೊಡದ ಬೆನ್ನಲ್ಲಿ ಸೂಜಿ ತೂತುಗಳಿವೆಯೇ, ತಟ್ಟಿದರೆ ಹಿಟ್ಟಿನಂಥ ಪುಡಿ ಉದುರುತ್ತದೆಯೇ ನೋಡಿ. ಉದುರಿದರೆ ಮಾತು ಅಲ್ಲಿಗೇ ಮುಗಿಯಿತು, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಕಾಂಟ್ಯಾಕ್ಟ್ ಮೈಕ್ ಹಾಕಲು ಕೊಡಕ್ಕೆ ತೂತು ಕೊರೆದಿದ್ದಾರೆಯೇ ಎಂಬುದನ್ನೂ ಗಮನಿಸಿ. ಈಮನಿ ಶಂಕರ ಶಾಸ್ತ್ರಿ, ಚಿಟ್ಟಿಬಾಬು ಅವರಂಥವರು ದೊಡ್ಡ ಸಭಾಂಗಣಕ್ಕೆ ವೀಣೆಯ ದನಿಯನ್ನು ಮುಟ್ಟಿಸಿದ ಮೇಲೆ ಮದರಾಸಿನ ಎಷ್ಟೋ ವೀಣೆಗಳ ಮೈಗೆ ಮೈಕ್ ಅಂಟಿತು. ಅಂಟಿಸಿದ್ದಾದರೆ ಕಿತ್ತರಾಯಿತು, ಕೊರೆದದ್ದಾದರೆ ಬೆಲೆ ಇಳಿಸಿ ಕೇಳಿ.

ದನಿಯ ವಿಷಯಕ್ಕೆ ಬಂದರೆ, ಜೋರು ಎಂಬುದು ಗುಣವಲ್ಲ. ವೀಣಾ ಧನಮ್ಮಾಳ್ ಜಾರ್ಜ್‌ಟೌನಿನ ತಮ್ಮ ಮನೆಯಲ್ಲಿ ಶುಕ್ರವಾರದ ಸಂಜೆಗಳಲ್ಲಿ ನುಡಿಸುತ್ತಿದ್ದದ್ದು ಒಂದು ಕೋಣೆಗೆ ಸಾಲುವಷ್ಟು ದನಿಯಲ್ಲಿ. ಊರಿನ ದೊಡ್ಡ ಸಂಗೀತಗಾರರು ಅಲ್ಲಿಗೇ ಬಂದು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಕೇಳಬೇಕಾದದ್ದು ಮೀಟಿದ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ, ನಿಲ್ಲುವಾಗ ಸಮನಾಗಿ ಇಳಿಯುತ್ತದೆಯೇ ಅಥವಾ ತಟಕ್ಕನೆ ಸಾಯುತ್ತದೆಯೇ ಎಂಬುದನ್ನು. ಚೆನ್ನೈಯವರು ಎರಡೂವರೆ, ಮೂರು ಕಟ್ಟೈ ಎನ್ನುವ ಶ್ರುತಿಗೆ ಏರಿಸಿ ಅರ್ಧ ಗಂಟೆ ಬಿಡಿ. ಆಮೇಲೆ ಮಂದ್ರದಲ್ಲಿ, ನಡುವಿನಲ್ಲಿ, ತಾರದಲ್ಲಿ ಒಂದೊಂದು ಮೆಟ್ಟಿಲಿನ ಮೇಲೆ ನಿಂತು ತಂತಿಯನ್ನು ಎಳೆದು ನೋಡಿ. ವೀಣೆಯ ಬದುಕೇ ಆ ಎಳೆತದ ಗಮಕ. ಒಂದು ಮೆಟ್ಟಿಲಿನಿಂದಲೇ ಮೂರು-ನಾಲ್ಕು ಸ್ವರ ಏರಿಸುವ ವಾದ್ಯ ಇದು. ಎಳೆಯುವಾಗ ಗರಗರ ಎಂದರೆ ಆ ಮೆಟ್ಟಿಲನ್ನು ಇನ್ನೊಂದು ಕೈಯಿಂದ ಮೇಣಕ್ಕೆ ಒತ್ತಿ ಹಿಡಿದು ಮತ್ತೆ ಎಳೆಯಿರಿ. ದನಿ ನಿಂತರೆ ತಪ್ಪು ಮೇಳದ್ದು, ರಿಪೇರಿಯಾಗುತ್ತದೆ. ಏನು ಮಾಡಿದರೂ ಗರಗರ ಹೋಗದಿದ್ದರೆ ಕುದುರೆಯ ತಗಡು ನೋಡಿ. ಅದೂ ಸರಿಯಿದ್ದರೆ ದೋಷ ಮರದಲ್ಲೆಲ್ಲೋ ಇದೆ. ಸಾರಣಿಯ ಕೆಳಗೆ ಮೆಟ್ಟಿಲಿನಲ್ಲಿ ಬಿದ್ದಿರುವ ಸಣ್ಣ ಕಾಲುವೆಗಳು ಮಾತ್ರ ಒಳ್ಳೆಯ ಸುದ್ದಿ: ಆ ವೀಣೆಯನ್ನು ಯಾರೋ ವರ್ಷಗಟ್ಟಲೆ ನಿಜಕ್ಕೂ ನುಡಿಸಿದ್ದಾರೆ. ಮೆಟ್ಟಿಲು ಬದಲಾಯಿಸಬಹುದು. ನುಡಿಸಲಾಗದ ವೀಣೆಯನ್ನು ಯಾರೂ ಅಷ್ಟು ವರ್ಷ ನುಡಿಸುವುದಿಲ್ಲ.

ಏಕಾಂಡದ ಮಾತು ಬಾರದೆ ವ್ಯಾಪಾರ ಮುಗಿಯುವುದಿಲ್ಲ. ಕೊಡ, ದಂಡಿ, ಯಾಳಿ ಮೂರೂ ಒಂದೇ ದಿಮ್ಮಿಯಿಂದ ಕೊರೆದದ್ದು ಏಕಾಂಡ ವೀಣೆ. ಬೇರೆ ಬೇರೆ ತುಂಡು ಕೂಡಿಸಿದ್ದು ಸಾಮಾನ್ಯ ವೀಣೆ. ಒಂದೇ ದಿಮ್ಮಿಯಲ್ಲಿ ಮರ ಹೆಚ್ಚು ಹಾಳಾಗುತ್ತದೆ, ದೊಡ್ಡ ಮರವೇ ಬೇಕಾಗುತ್ತದೆ, ಆದ್ದರಿಂದ ಬೆಲೆ ಏರುತ್ತದೆ. ಏಕಾಂಡಕ್ಕೆ ನಾದ ಅಖಂಡವಾಗಿ ಹರಿಯುತ್ತದೆ ಎನ್ನುವವರಿದ್ದಾರೆ, ಅದು ಇರಲೂಬಹುದು. ಆದರೆ ಕಡಿಮೆ ಹಣದವರಿಗೆ ಆ ಹೆಸರಿಗೆ ಕೊಡುವ ಹೆಚ್ಚಿನ ದುಡ್ಡು ದಂಡ. ಕೂಡಿಸಿದ ವೀಣೆಯ ದೌರ್ಬಲ್ಯ ಕೂಡಿಸಿದ ಜಾಗ. ಹೊಸದರಲ್ಲಿ ಅದು ಬಿಡುತ್ತದೋ ಇಲ್ಲವೋ ಗೊತ್ತಿರುವುದಿಲ್ಲ, ಹಳೆಯದರಲ್ಲಿ ಗೊತ್ತಿರುತ್ತದೆ. ಹೀಗೆ ಏಕಾಂಡದ ಮುಖ್ಯ ಲಾಭವನ್ನು ಹಳೆತನವೇ ಪುಕ್ಕಟೆಯಾಗಿ ಕೊಡುತ್ತದೆ. ಯಾರಾದರೂ ಏಕಾಂಡ ಎಂದೇ ಬೆಲೆ ಹೇಳಿದರೆ, ಕೊಡ ಮತ್ತು ದಂಡಿ ಸೇರುವಲ್ಲಿ ಅಲಂಕಾರದ ಪಟ್ಟಿಯ ಎರಡು ಬದಿಯಲ್ಲೂ ಮರದ ಎಳೆ ಮುಂದುವರಿದಿದೆಯೇ ನೋಡಿ. ಒಂದು ಕಡೆ ಉದ್ದ ಎಳೆ, ಇನ್ನೊಂದು ಕಡೆ ಬೇರೆ ದಿಕ್ಕಿನ ಎಳೆ ಇದ್ದರೆ ಪಟ್ಟಿ ಅಲಂಕಾರಕ್ಕೆ ಮಾತ್ರ ಇಲ್ಲ.

ಹಳೆಯದು ಒಳ್ಳೆಯದು ಎಂಬ ವಾದಕ್ಕೂ ಒಂದು ಗಡಿ ಇದೆ. ಅದನ್ನು ಕಾನೂನು ಹಾಕಿದೆ. ಹಿಂದಿನ ಕಾಲದ ವೀಣೆಗಳಲ್ಲಿ, ಅದರಲ್ಲೂ ಮೈಸೂರಿನ ಸಿರಿವಂತ ಕೆಲಸದ ವೀಣೆಗಳಲ್ಲಿ, ದಂತದ ಕುಸುರಿ ಸಾಮಾನ್ಯವಾಗಿತ್ತು. ಜಿಂಕೆಯ ಕೊಂಬನ್ನೂ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನೂ, 1991ರದ್ದು ಆಮದಾದ ಆಫ್ರಿಕಾ ದಂತದ ವ್ಯಾಪಾರವನ್ನೂ ನಿಲ್ಲಿಸಿತು. 'ಇದು ಅಜ್ಜಿಯ ಕಾಲದ್ದು, ಆಗ ಕಾನೂನು ಇರಲಿಲ್ಲ' ಎಂಬ ಸಮಜಾಯಿಷಿ ಮಾರಾಟಕ್ಕೆ ಪರವಾನಗಿಯಲ್ಲ. ಈಗಿನ ಬಿಳಿ ಕುಸುರಿ ಪ್ಲಾಸ್ಟಿಕ್, ಅದರಿಂದ ತಾಪತ್ರಯವಿಲ್ಲ. ಆದರೆ ಎಂಬತ್ತು ವರ್ಷ ಹಳೆಯ ವೀಣೆಯ ಅಂಚಿನ ಬಿಳಿ ಪಟ್ಟಿ ಹಳದಿಗೆ ತಿರುಗಿ, ನಸು ಗೆರೆ ತೋರಿಸುತ್ತಿದ್ದರೆ ಕೈ ಮುಗಿದು ಬನ್ನಿ. ಅಮೆರಿಕದಲ್ಲಿರುವ ಮಗಳಿಗೆ ಕಳಿಸಲೆಂದು ಕೊಳ್ಳುವ ಕನ್ನಡ ಕುಟುಂಬಗಳಂತೂ ಇದನ್ನು ಮರೆಯಲೇಬಾರದು. ಬೀಟೆ ಮರದ ಕುಸುರಿ ಬೇರೆ ಮಾತು: 2017ರಲ್ಲಿ ಬೀಟೆಗೆ ಅಂತಾರಾಷ್ಟ್ರೀಯ ವ್ಯಾಪಾರದ ನಿರ್ಬಂಧ ಬಂದರೂ, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ನನ್ನ ಲೆಕ್ಕದಲ್ಲಿ ಹದಿನೈದರಿಂದ ಮೂವತ್ತು ವರ್ಷದ ನಡುವಿನ ವೀಣೆ ಕೊಳ್ಳುವವರಿಗೆ ಹಿತ. ಮರ ತನ್ನ ದೋಷ ತೋರಿಸಿ ಮುಗಿಸಿರುತ್ತದೆ, ಪುರಾತನದ ಬೆಲೆಯೂ ಕಾನೂನಿನ ಕಾಟವೂ ಇನ್ನೂ ಅಂಟಿರುವುದಿಲ್ಲ. ಯಾವುದೋ ವಿದ್ವಾಂಸರು ನುಡಿಸಿದ್ದು ಎಂಬ ಕಥೆಗೆ ಒಂದು ಪೈಸೆಯೂ ಬೇಡ.

ಇದೇ ಪ್ರಶ್ನೆ ಬೇರೆ ದೇಶದಲ್ಲಿ ಬೇರೆ ವಾದ್ಯದ ಸುತ್ತ ಹೇಗೆ ತಿರುಗುತ್ತದೆ ಎಂದು ನೋಡಿದರೆ ವೀಣೆಯ ಅನುಕೂಲ ಇನ್ನೂ ಸ್ಪಷ್ಟವಾಗುತ್ತದೆ. ಅಮೆರಿಕದ ಕಂಟ್ರಿ ಸಂಗೀತದಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಎಂಬ ವಾದ್ಯವಿದೆ. 1954ರಲ್ಲಿ ವೆಬ್ ಪಿಯರ್ಸ್‌ನ ಒಂದು ಜನಪ್ರಿಯ ಹಾಡಿನಲ್ಲಿ ಬಡ್ ಐಸಾಕ್ಸ್ ಕಾಲಿನ ಪೆಡಲ್ ಒತ್ತಿ ಸ್ವರ ಜಾರಿಸಿದ ಮೇಲೆ ಅದರ ಹುಚ್ಚು ಹಬ್ಬಿತು. ಹತ್ತು ತಂತಿ, ಪಾದಕ್ಕೆ ಪೆಡಲ್, ಮೊಣಕಾಲಿಗೆ ಲಿವರ್, ಅವನ್ನು ತಂತಿಗೆ ಜೋಡಿಸುವ ಸರಳುಗಳು. ಅಲ್ಲೂ ಬಲ್ಲವರು ಕಲಿಯುವವರಿಗೆ ಹೇಳುವುದು, ಪೆಡಲ್ ಲಿವರ್ ಕಡಿಮೆಯಿರುವ ಅಗ್ಗದ ಹೊಸದಕ್ಕಿಂತ ವೃತ್ತಿಪರರು ಬಳಸಿದ ಹಳೆಯದೇ ಲೇಸು ಎಂದು. ಆದರೆ ಅಲ್ಲಿನ ಅಪಾಯ ಲೋಹದ್ದು. ಸವೆದ ಭಾಗದ ತಯಾರಕ ಬಾಗಿಲು ಹಾಕಿದ್ದರೆ ವಾದ್ಯ ಅಲ್ಲೇ ಕೂರುತ್ತದೆ. ವೀಣೆಯ ಸವೆಯುವ ಭಾಗ ಮೇಣ, ತಂತಿ, ಹಿತ್ತಾಳೆ. ಅವುಗಳ ಕಾರ್ಖಾನೆ ಎಂದೂ ಮುಚ್ಚುವುದಿಲ್ಲ, ಏಕೆಂದರೆ ಕಾರ್ಖಾನೆಯೇ ಇಲ್ಲ. ಸ್ಟೀಲ್ ಗಿಟಾರಿನಂತೆ ತಂತಿಯ ಮೇಲೆ ಗುಂಡು ಜಾರಿಸಿ ನುಡಿಸುವ ನಮ್ಮದೇ ವಾದ್ಯ ಚಿತ್ರವೀಣೆ, ಹಳೆ ಹೆಸರು ಗೋಟುವಾದ್ಯ. ಅದರಲ್ಲಿ ಮೆಟ್ಟಿಲೇ ಇಲ್ಲದ ಕಾರಣ ಮೇಳದ ರಗಳೆಯೂ ಇಲ್ಲ. ಹಳೆಯ ಚಿತ್ರವೀಣೆ ಕೊಳ್ಳುವುದು ವೀಣೆಗಿಂತಲೂ ಸುಲಭ. ಕಲಿಸುವವರು ಸಿಗುವುದು ಕಷ್ಟ.

ಈಗ ಆಕ್ಷೇಪಗಳು. ಬಲವಾದದ್ದು ಇದು: ಮೇಳ ಕಟ್ಟುವವರು ಎಲ್ಲಿದ್ದಾರೆ? ಮೈಲಾಪುರದಲ್ಲಿ, ತಂಜಾವೂರಿನಲ್ಲಿ ಸಿಗುತ್ತಾರೆ. ಬೆಂಗಳೂರು, ಮೈಸೂರಿನಲ್ಲೂ ಹುಡುಕಿದರೆ ಸಿಗುತ್ತಾರೆ. ಶಿರಸಿಯಲ್ಲಿ, ಹಾವೇರಿಯಲ್ಲಿ, ಕಲಬುರಗಿಯಲ್ಲಿ ಕೂತವರು ಏನು ಮಾಡಬೇಕು? ಈ ಆಕ್ಷೇಪ ನಿಜ, ಆದರೆ ಅದು ಹಳೆ ವೀಣೆಯ ವಿರುದ್ಧವಲ್ಲ, ಮೇಳದ ವೀಣೆ ಎಂಬುದರ ವಿರುದ್ಧವೇ. ಹೊಸದು ತಂದವರಿಗೂ ಎರಡು ವರ್ಷದಲ್ಲಿ ಇದೇ ಪ್ರಶ್ನೆ ಎದುರಾಗುತ್ತದೆ. ಮಾಡಬಹುದಾದದ್ದು, ಕೊಂಡ ಊರಲ್ಲೇ ಮೇಳ ಕಟ್ಟಿಸಿ, ಅಲ್ಲೇ ಒಂದು ವಾರ ನುಡಿಸಿ ನೋಡಿ, ಬಿದ್ದ ತಪ್ಪು ತಿದ್ದಿಸಿಕೊಂಡು ಆಮೇಲೆ ಹೊರಡುವುದು. ಸುಮಾರು ಎಂಟು ಕಿಲೋ ತೂಗುವ, ನಾಲ್ಕು ಅಡಿ ಮೀರುವ ಈ ವಾದ್ಯವನ್ನು ಬೃಂದಾವನ ಎಕ್ಸ್‌ಪ್ರೆಸ್ಸಿನ ಸೀಟಿನ ಪಕ್ಕ ನಿಲ್ಲಿಸಿ ತರುವುದು, ಕಾರಿನ ಡಿಕ್ಕಿಯಲ್ಲಿ ಮಲಗಿಸುವುದಕ್ಕಿಂತ ಎಷ್ಟೋ ಕ್ಷೇಮ. ಜೇನುಮೇಣ ಕರಗುವುದು 62-64 ಡಿಗ್ರಿ ಸೆಲ್ಸಿಯಸ್ಸಿಗೆ; ಮೆದುವಾಗಲು ಅಷ್ಟೂ ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹೊಸ ಮೇಳ ಒಂದೇ ಮಧ್ಯಾಹ್ನದಲ್ಲಿ ಹಾಳಾಗಬಹುದು. ಕಡಲ ತೇವದಿಂದ ಬಯಲುಸೀಮೆಯ ಒಣ ಹವೆಗೆ ಬಂದ ಮರವೂ ತುಸು ಕುಗ್ಗುತ್ತದೆ. ಮೊದಲ ಎರಡು ತಿಂಗಳು ಕಿಟಕಿಯ ಪಕ್ಕ, ಫ್ಯಾನಿನ ಕೆಳಗೆ ಇಡದೆ ಚೀಲದಲ್ಲೇ ಇಡಿ. ಒಂದು ಹಗಲಿನ ಪಯಣದಲ್ಲಿ ಮೇಳ ಕಟ್ಟುವವರೇ ಇಲ್ಲದ ಊರಾದರೆ ನನ್ನ ವಾದ ಸೋಲುತ್ತದೆ ಎಂದು ಒಪ್ಪುತ್ತೇನೆ. ಅಲ್ಲಿ ಬೆಂಗಳೂರಿನ ರಾಡೆಲ್‌ನಂಥವರು ಮಾಡುವ, ಮೇಣದ ಹಂಗಿಲ್ಲದ ಎಲೆಕ್ಟ್ರಾನಿಕ್ ವೀಣೆಯೇ ವಾಸಿ. ಅದು ಬೇರೆಯದೇ ವಾದ್ಯ ಎಂದು ತಿಳಿದು ಕೊಂಡರೆ ದುಃಖವಿಲ್ಲ.

ಎರಡನೆಯ ಆಕ್ಷೇಪ ಮೈಸೂರು ಬಾನಿಯವರದು. ವೀಣೆ ಶೇಷಣ್ಣನವರ ಪರಂಪರೆಯಲ್ಲಿ ಕಲಿಯುವ ಮಗುವಿಗೆ ಚೆನ್ನೈಯ ತಂಜಾವೂರು ವೀಣೆ ಹೊಂದುತ್ತದೆಯೇ? ಕುಸುರಿ ಬೇರೆ, ಮೈಕಟ್ಟು ತುಸು ಬೇರೆ. ಮೆಟ್ಟಿಲು 24, ತಂತಿ 7 ಎರಡಕ್ಕೂ ಒಂದೇ. ಬಾನಿ ಇರುವುದು ಮೀಟಿನಲ್ಲಿ, ಬೆರಳಲ್ಲಿ. ಮೈಸೂರಿನ ವಿ. ದೊರೆಸ್ವಾಮಿ ಅಯ್ಯಂಗಾರ್ ಅವರಿಗೆ 1984ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಸಂಗೀತ ಕಲಾನಿಧಿ ಕೊಟ್ಟಾಗ ಮಣಿದದ್ದು ಆ ಬೆರಳಿಗೆ. ಕಲಿಯುವ ಮಗುವಿಗೆ ಬಾನಿಗಿಂತ ಮುಖ್ಯವಾದದ್ದು ವೀಣೆಯ ಗಾತ್ರ. ಎಡಗೈ ಯಾಳಿಯ ಕಡೆಯ ಮೊದಲ ಮೆಟ್ಟಿಲಿಗೆ ಸುಲಭವಾಗಿ ಎಟಕುತ್ತದೆಯೇ ಎಂದು ಮಗುವನ್ನೇ ಕೂರಿಸಿ ನೋಡಬೇಕು.

ಮೂರನೆಯದು ನಂಬಿಕೆಯ ಮಾತು. ಅಂಗಡಿಯವನು ರಸೀತಿ ಕೊಡುತ್ತಾನೆ, ತೊಂದರೆ ಬಂದರೆ ಹೋಗಿ ಕೇಳಬಹುದು; ಮನೆಯೊಂದರಿಂದ ಕೊಂಡರೆ ಕೇಳುವವರಾರು? ಚೆನ್ನೈಗೆ ವಾದ್ಯದ ಅಂಗಡಿಗಳ ಬರವಿಲ್ಲ. ಇಂದಿನ ಮ್ಯೂಸೀ ಮ್ಯೂಸಿಕಲ್‌ನ ಬೇರು 1842ರ ಮಿಸ್ಕ್ವಿತ್ ಅಂಗಡಿಯಲ್ಲಿದೆ. ಆದರೆ ಹಳೆ ವೀಣೆ ಹೆಚ್ಚಾಗಿ ಕೈ ಬದಲಾಯಿಸುವುದು ಅಂಗಡಿಯ ಕಟ್ಟೆಯಲ್ಲಲ್ಲ. ಮಾಂಬಲದ, ಮೈಲಾಪುರದ, ನಂಗನಲ್ಲೂರಿನ ಮನೆಗಳ ಮೂಲೆಯಲ್ಲಿ, ಮದುವೆಯಾಗಿ ಹೊರದೇಶ ಸೇರಿದ ಮಗಳ ವೀಣೆ ರೇಷ್ಮೆ ಗವಸು ಹೊದ್ದು ನಿಂತಿರುತ್ತದೆ. ಮನೆ ಖಾಲಿ ಮಾಡುವಾಗ ಅದು ಮಾರಾಟಕ್ಕೆ ಬರುತ್ತದೆ. ಅದರ ಸುದ್ದಿ ಮೊದಲು ತಲಪುವುದು ಪಾಠ ಹೇಳುವ ಗುರುಗಳಿಗೆ ಮತ್ತು ಮೇಳ ಕಟ್ಟುವವರಿಗೆ. ಹಾಗಾಗಿ ರಸೀತಿಗೆ ಬದಲು ಮೇಳ ಕಟ್ಟುವವರನ್ನೇ ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯುವುದು ಮೇಲು. ಅವರು ಮಾರುವವರ ಕಡೆಯವರಾಗಿರಬಾರದು, ಅಷ್ಟೇ. ರಸೀತಿ ಹಣವನ್ನು ಹಿಂದಕ್ಕೆ ತರಬಹುದು, ಬಾಗಿದ ದಂಡಿಯನ್ನು ಕಂಡುಹಿಡಿಯಲಾರದು.

ಹಣದ ಹಂಚಿಕೆ ಸರಳ. ಕೈಯಲ್ಲಿರುವ ಮೊತ್ತದ ಮುಕ್ಕಾಲು ಭಾಗವನ್ನಷ್ಟೇ ವೀಣೆಗೆ ಕೊಡಿ, ಕಾಲು ಭಾಗ ಮೇಳ, ತಂತಿ, ಬಿರಡೆ, ಕುದುರೆಯ ಕೆಲಸಕ್ಕೆಂದು ಮುಟ್ಟದೆ ಇಡಿ. ಚೌಕಾಸಿಯಲ್ಲಿ ಮೇಳದ ಕೊರತೆಯನ್ನು ಧಾರಾಳವಾಗಿ ಎತ್ತಿ ಆಡಿ. ಮರದ ಗುಣ ಹೊಗಳಲು ಹೋಗಬೇಡಿ. ಹೋಗುವ ಕಾಲವನ್ನೂ ಯೋಚಿಸಿ. ಡಿಸೆಂಬರ್ ಕಛೇರಿಗಳ ಸೀಸನ್ನಿನಲ್ಲಿ ಸಂಗೀತ ಕೇಳುತ್ತ ವೀಣೆಯನ್ನೂ ನೋಡಿಬರೋಣ ಎನ್ನುವವರು ಹೆಚ್ಚು. ಆಗ ಮೇಳ ಕಟ್ಟುವವರ ಕೈ ಕಲಾವಿದರ ಕೆಲಸದಲ್ಲಿ ಬಿಡುವಿಲ್ಲದೆ ಇರುತ್ತದೆ, ತಂಪಿಗೆ ಮೇಣ ಗಟ್ಟಿಯಾಗಿ ದೋಷ ಮುಚ್ಚಿಕೊಂಡಿರುತ್ತದೆ. ಕೊಳ್ಳುವ ಉದ್ದೇಶವೇ ಇದ್ದರೆ ಮೇ ತಿಂಗಳಲ್ಲಿ ಹೋಗಿ. ಸೆಕೆ ತಡೆಯಲಾಗದಷ್ಟಿರುತ್ತದೆ, ವೀಣೆಗೂ ಹಾಗೆಯೇ ಇರುತ್ತದೆ. ಆ ತಿಂಗಳಲ್ಲೂ ಶ್ರುತಿ ಹಿಡಿದು ನಿಲ್ಲುವ ದಂಡಿಗೆ ದುಡ್ಡು ಕೊಡಿ.